ಮಮತಳ ನಾಲ್ಕು ಪುಟ

ನಮ್ಮ ಮಗಳು ಮಮತಾ ಲಿಂಗೈಕ್ಯಳಾಗಿ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳೂ ನಾನು ಒಂದು ಸುಳ್ಳು ಹೇಳುತ್ತಲೇ ಇದ್ದೆ. ನ್ಯಾಮತಿಯಿಂದ ಆಶಾ ಎಂಬ ನರ್ಸು ಫೋನು ಮಾಡಿ, "ಅಂಕಲ್, ಮಮತಕ್ಕನ ಹತ್ರ ನಮ್ಮದೊಂದು ಬುಕ್ಕಿತ್ತು, ಸಿಕ್ತೇನ್ರಿ?" ಎಂದಾಗಲೆಲ್ಲ "ಹುಡುಕ್ತಾ ಇದೀನಮ್ಮ" ಎನ್ನುತ್ತಿದ್ದೆ. ಆ ಪುಸ್ತಕ ದೇವರ ಕೋಣೆಯಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲೇ ಇತ್ತು.

ಅದು ಜಪಾನಿನವರ ಚಿತ್ರಕಥೆ, ಇಂಗ್ಲಿಷಿಗೆ ತಂದದ್ದು. ಮಿಯೋ ಎಂಬ ಹುಡುಗಿ ಬಾಗಿಲಿಂದ ಬಾಗಿಲಿಗೆ, ಒಂದು ಲೋಕದಿಂದ ಇನ್ನೊಂದು ಲೋಕಕ್ಕೆ ದಾಟುತ್ತ ಹೋಗುತ್ತಾಳೆ. ಎಂಟು ಭಾಗ ಬಂದಿದ್ದವು, ಇದು ಒಂಬತ್ತನೆಯದು. ನಾಲ್ಕು ಊರಿನ ನಾಲ್ವರಿಗೆ ಒಂದೇ ಪ್ರತಿ. ಚನ್ನಗಿರಿಯ ವಿನಯ್ ಕುಮಾರ್ ತರಿಸಿ ಓದಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ನ್ಯಾಮತಿಯ ಆಶಾಳಿಗೆ ಕಳಿಸುತ್ತಿದ್ದ. ಅಲ್ಲಿಂದ ಹೊನ್ನಾಳಿಗೆ, ನಮ್ಮ ಮಮತಳಿಗೆ. ಕೊನೆಗೆ ಜಗಳೂರಿನ ಸಂಧ್ಯಾರಾಣಿಗೆ. ಪುಸ್ತಕಗಳು ಅಲ್ಲೇ ಉಳಿಯುತ್ತಿದ್ದವು. ಜಗಳೂರಿನ ಒಣ ಗಾಳಿಗೆ ಕಾಗದ ಬೂಷ್ಟು ಹಿಡಿಯುವುದಿಲ್ಲವೆಂದು ಅವರೇ ಮಾಡಿಕೊಂಡ ಏರ್ಪಾಡು. ಮಮತಾ ಸರ್ವೆಯರ್ ಆಗಿ ಮೊದಲು ಜಗಳೂರಿನಲ್ಲಿದ್ದಾಗ ನಕ್ಷೆಗಳ ಪ್ರತಿ ತೆಗೆಸಲು ಹೋಗುತ್ತಿದ್ದ ಜೆರಾಕ್ಸ್ ಅಂಗಡಿಯ ಹುಡುಗಿಯೇ ಈ ಸಂಧ್ಯಾರಾಣಿ.

ಊಟಕ್ಕೆ ಕೂತರೆ ಮಮತಳಿಗೆ ಅದೇ ಮಾತು. "ಅಪ್ಪಾಜಿ, ಈ ಸಲ ಮಿಯೋ ಹೋದ ಲೋಕದಾಗೆ ಮನುಷ್ಯರು ನೆರಳನ್ನ ಬಟ್ಟೆ ಹಂಗೆ ಮಡಚಿ ಇಡ್ತಾರೆ!"

"ಬೆಕ್ಕಿನ ಹೆಸರಿಟ್ಕೊಂಡೋಳ ಕಥೆ ಸಾಕು, ರೊಟ್ಟಿ ತಣ್ಣಗಾಗ್ತೈತೆ" ಎಂದು ಸೊಸೆ ಕಲ್ಪನಾ ಗದರುತ್ತಿದ್ದಳು.

ನಾನು ಮೂವತ್ನಾಲ್ಕು ವರ್ಷ ಕನ್ನಡ ಮೇಷ್ಟ್ರಾಗಿದ್ದವನು. ಒಂದು ದಿನ, "ಇಲ್ಲದ ಲೋಕ ಕಟ್ಟಿಕೊಂಡು ಏನು ಮಾಡ್ತೀಯಮ್ಮ?" ಎಂದುಬಿಟ್ಟೆ. ಅವಳು ನಕ್ಕಳು. "ನೀವು ದಿನಾ ಬೆಳಿಗ್ಗೆ ಪೂಜೆಗೆ ಕುಂತು ಶಿವಲೋಕ ಅಂತೀರಲ್ಲ, ಅದೇನು ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದಾಗೈತಾ ಅಪ್ಪಾಜಿ?"

ಜ್ವರವೆಂದು ಮಲಗಿದವಳು ಎಂಟನೆಯ ದಿನಕ್ಕೆ ಇಲ್ಲವಾದಳು. ದಿಂಬಿನ ಪಕ್ಕ ಒಂಬತ್ತನೆಯ ಭಾಗವಿತ್ತು. ತೆರೆದು ನೋಡಿದರೆ ನಾಲ್ಕು ಪುಟ ಆದಮೇಲೆ ನ್ಯಾಮತಿ ಬಸ್ಸಿನ ಟಿಕೇಟು ಗುರುತಿಗೆ ಇಟ್ಟಿದ್ದಳು. ಎಂಟು ತಿಂಗಳು ಕಾದು ತರಿಸಿಕೊಂಡ ಪುಸ್ತಕ, ನಾಲ್ಕೇ ಪುಟ ಓದಿದಳಲ್ಲ ಎಂಬುದನ್ನು ನನ್ನ ಜೀವ ತಾಳಲಿಲ್ಲ.

ಎಲ್ಲ ಪುಸ್ತಕಕ್ಕೂ ಹಾಕುವಂತೆ ಅದಕ್ಕೂ ಕಂದು ಕಾಗದದ ಬೈಂಡು ಹಾಕಿ, ಗೋಂದು ಹಚ್ಚಿ, ಅವಳ ಹೆಸರು ಬರೆದೆ. ದಿನವೂ ಲಿಂಗಪೂಜೆ ಮುಗಿದ ಮೇಲೆ ಅವಳ ಫೋಟೋದ ಮುಂದೆ ಕೂತು ಎರಡೆರಡು ಪುಟ ಗಟ್ಟಿಯಾಗಿ ಓದತೊಡಗಿದೆ. ನನಗೆ ಇಂಗ್ಲಿಷು ನಿಧಾನ. ಅದೂ ಅಲ್ಲದೆ ಆ ಕಥೆಯಲ್ಲಿ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತಿತ್ತು. ಬೇರೆ ಲೋಕದವರ ಮಾತು ಹೀಗೇ ಇರಬಹುದು ಎಂದುಕೊಂಡೆ. ಚಿತ್ರಗಳಲ್ಲಿ ಮಾತ್ರ ದಾರಿ ಸ್ಪಷ್ಟವಾಗಿತ್ತು. ಮೊದಲ ಪುಟದಲ್ಲಿ ಮಿಯೋ ಹಿಮದ ಬಯಲಿನಲ್ಲಿ ಒಬ್ಬಳೇ. ಆಮೇಲೆ ಬಾಗಿಲು, ತಾಯಿಯ ಕೈ. ಕೊನೆಯ ಪುಟದಲ್ಲಿ ಅಡುಗೆಮನೆಯಲ್ಲಿ ಕೂತು ಬಿಸಿ ಅನ್ನ ಉಣ್ಣುತ್ತಾಳೆ.

"ಬಂದಳಮ್ಮ, ಮನೆಗೆ ಬಂದಳು" ಎಂದು ಫೋಟೋಕ್ಕೆ ಹೇಳಿ, ಮರುದಿನ ಮತ್ತೆ ಮೊದಲಿನಿಂದ ಶುರುಮಾಡಿದೆ. ಅಂಥ ಪುಸ್ತಕವನ್ನು ಹೇಗೆ ಕೊಡಲಿ?

ಒಂದು ಭಾನುವಾರ ಬೆಳಿಗ್ಗೆ ಸಂಧ್ಯಾರಾಣಿ ತಾನೇ ಬಂದಳು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ ಬಂದವಳ ಮುಖ ಬಾಡಿತ್ತು. ಕಾಲು ತೊಳೆದು, ಫೋಟೋದ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಕಲ್ಪನಾ ಮಂಡಕ್ಕಿ, ಮೆಣಸಿನಕಾಯಿ ಕೊಟ್ಟಳು. ಹುಡುಗಿ ಪುಸ್ತಕದ ಮಾತನ್ನೇ ಎತ್ತಲಿಲ್ಲ. ಆದರೆ ಕಣ್ಣು ದೇವರ ಕೋಣೆಯಲ್ಲಿ ಮಮತಳ ಹೆಸರಿದ್ದ ಪುಸ್ತಕದ ಮೇಲೆ ಹೋಯಿತು.

"ಅಜ್ಜಾ... ಅದು ಒಂಬತ್ತನೇದಾ?"

ನಾನು ತಲೆ ತಗ್ಗಿಸಿದೆ. ಅವಳು ಕೈ ತೊಳೆದು ಬಂದು, ದುಪಟ್ಟಾದಲ್ಲಿ ಒರೆಸಿಕೊಂಡು, ಪುಸ್ತಕ ಎತ್ತಿಕೊಂಡು ಮೂಸಿ ನೋಡಿದಳು. ಬಾಡಿದ ಮುಖ ಎಲ್ಲಿ ಹೋಯಿತೋ!

"ಏನಾತು ಅಂತ ಹೇಳಬ್ಯಾಡ್ರಿ ಅಜ್ಜಾ! ಒಂದು ವರ್ಷ ಆತು ನಾನು ಕಾಯಾಕೆ ಹತ್ತಿ!"

"ಮನೆಗೆ ಬಂದಳಮ್ಮ" ಎಂದೆ. ತಡೆದುಕೊಳ್ಳಲಾಗಲಿಲ್ಲ.

"ಅಯ್ಯೋ, ಬ್ಯಾಡ ಅಂದ್ನಲ್ಲ!" ಎಂದು ಕಿವಿ ಮುಚ್ಚಿಕೊಂಡಳು. ಕಲ್ಪನಾ ನಕ್ಕಳು. ಮೂರು ತಿಂಗಳಲ್ಲಿ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಸಂಧ್ಯಾರಾಣಿ ಪುಸ್ತಕವನ್ನು ಹಿಂದಿನ ಕಡೆಯಿಂದ ತೆರೆದಳು. ಅನ್ನ ಉಣ್ಣುವ ಚಿತ್ರ ಬಂತು.

"ಅದು ಕೊನೆಯದಮ್ಮ" ಎಂದೆ.

"ಅಲ್ರೀ ಅಜ್ಜಾ, ಇದು ಮೊದಲನೇದು. ಜಪಾನಿನೋರು ಹಿಂಗೇ, ಬಲಗಡೆಯಿಂದ ಓದೋದು." ನಾನು ಅಂಟಿಸಿದ್ದ ಬೈಂಡನ್ನು ಮೆಲ್ಲಗೆ ಬಿಡಿಸಿದಳು. ಅದರೊಳಗೆ ಸಿಕ್ಕಿಕೊಂಡಿದ್ದ ಹಾಳೆಯಲ್ಲಿ, ಇದು ಪುಸ್ತಕದ ಕೊನೆ, ಆ ಕಡೆಯಿಂದ ಓದಿರಿ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

"ಹಾಗಾದ್ರೆ ಅವಳು ಮನೆಗೆ ಬರಲಿಲ್ಲೇನು?" ಎಂದೆ.

"ಮನೆಯಾಗೇ ಇದ್ಲು. ಆಮೇಲೆ ಹೊರಟ್ಲು ಅನ್ಸುತ್ತೆ."

"ಎಲ್ಲಿಗೆ?" ಎಂದಳು ಕಲ್ಪನಾ.

"ಗೊತ್ತಿಲ್ಲಕ್ಕಾ. ಹತ್ತನೇದು ಬರಬೇಕು."

ನನಗೆ ಆ ಹುಡುಗಿಯ ಮೇಲೆ ಸಿಟ್ಟು ಬಂತು. ಪುಸ್ತಕ ಕಿತ್ತುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಅವಳು ಟಿಕೇಟು ನೋಡಿದಳು.

"ಇದು ಮಮತಕ್ಕ ಇಟ್ಟಿದ್ದಾ? ನೀವು ಜಾಗ ಬದಲಾಯಿಸಿಲ್ಲ ತಾನೆ?"

"ಅಲ್ಲಾಡಿಸಿಲ್ಲಮ್ಮ."

ಅವಳು ಟಿಕೇಟಿನ ಆಚೆ ಉಳಿದ ಪುಟಗಳನ್ನು ಬೆರಳಿಂದ ಎಣಿಸಿದಳು. "ಹಂಗಾದ್ರೆ ಮಮತಕ್ಕ ಎಲ್ಲಾ ಓದಿದಾಳೆ ಅಜ್ಜಾ. ಅಡುಗೆಮನೆ, ಅವರಮ್ಮ, ಊಟ, ಎಲ್ಲಾನೂ. ಬರೀ ನಾಲ್ಕು ಪುಟ ಉಳಿದೈತೆ."

ನಾನು ಗೋಡೆಗೆ ಒರಗಿ ಕೂತೆ. ಮೂರು ತಿಂಗಳಿಂದ ನಾನು ಮಗಳಿಗೆ ಓದಿ ಹೇಳಿದ್ದೆಲ್ಲ ಅವಳು ಓದಿ ಮುಗಿಸಿದ್ದೇ. ಉಳಿದಿದ್ದು ಹೊರಡುವ ನಾಲ್ಕು ಪುಟ.

"ಆ ನಾಲ್ಕು ಪುಟ ಈಗ ಅವಳ ಮುಂದೆ ಓದಬೇಕಮ್ಮ. ಸರಿಯಾದ ಕಡೆಯಿಂದ. ನನಗೆ ಬೆರಳಿಟ್ಟು ತೋರಿಸ್ತೀಯಾ?"

"ನಾನಿನ್ನೂ ಮೊದಲಿಂದ ಓದೇ ಇಲ್ಲಲ್ಲ ಅಜ್ಜಾ..." ಎಂದಳು. ಒಂದು ವರ್ಷ ಕಾದವಳಿಗೆ ಕೊನೆಯನ್ನೇ ಮೊದಲು ನೋಡುವುದೆಂದರೆ ಏನೆಂದು ನನಗೂ ತಿಳಿಯಿತು. ಅವಳು ಫೋಟೋದ ಕಡೆ ತಿರುಗಿದಳು. "ಇರಲಿ ಬಿಡ್ರಿ. ಬರ್ರಿ, ಓದೋಣ."

ಅವಳು ಬೆರಳಿಟ್ಟಂತೆ ನಾನು ಓದಿ, ಕನ್ನಡದಲ್ಲಿ ಹೇಳುತ್ತ ಹೋದೆ. ಈ ಸಲ ಪ್ರಶ್ನೆ ಮೊದಲು ಬಂತು.

"ಹೊರಟೆಯಾ?" ಎನ್ನುತ್ತಾಳೆ ತಾಯಿ.

"ಬಾಗಿಲು ತೆರೆದಿದೆ ಅಮ್ಮ."

"ಹೊರಗೆ ಚಳಿ. ಹೊದ್ದುಕೋ."

ಹಿಂದೆ ಎಷ್ಟೋ ಸಲ ಓದಿದ್ದ ಮಾತುಗಳೇ. ತಾಯಿ ಕಂಬಳಿ ಹೊದಿಸಿದಳು. ನಾನು ಇಷ್ಟು ದಿನ ಅದನ್ನು ತೆಗೆಯುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳ ಕೈ ಮಿಯೋಳ ಕೈಯನ್ನು ಬಿಟ್ಟಿತು. ಕೊನೆಯ ಪುಟದಲ್ಲಿ ಹಿಮದ ಬಯಲು, ಮಾತಿಲ್ಲ.

"ಇಲ್ಲಿ ಏನು ಓದಲಿ?"

"ಏನಿಲ್ಲ ಅಜ್ಜಾ. ಸುಮ್ನೆ ನೋಡಬೇಕು."

ಮೂವರೂ ನೋಡಿದೆವು. ಆಮೇಲೆ ನಾನು ಟಿಕೇಟು ತೆಗೆದು ವಿಭೂತಿಯ ಪಕ್ಕ ಇಟ್ಟು, ಪುಸ್ತಕವನ್ನು ಅವಳ ಚೀಲಕ್ಕೆ ಹಾಕಿದೆ.

ಅವಳನ್ನು ಬಸ್ಸು ಹತ್ತಿಸಿ, ಅಲ್ಲೇ ಕಲ್ಲಿನ ಮೇಲೆ ಕೂತು ಆಶಾಳಿಗೆ ಫೋನು ಮಾಡಿದೆ.

"ಪುಸ್ತಕ ಜಗಳೂರಿಗೆ ಹೋಯ್ತಮ್ಮ."

"ಸಿಕ್ತಾ! ಎಲ್ಲಿತ್ರಿ ಅಂಕಲ್?"

"ನನ್ನ ಹತ್ರಾನೇ ಇತ್ತು. ನಿನಗೆ ಸುಳ್ಳು ಹೇಳಿದ್ದೆ."

ಅವಳು ಏನಾದರೂ ಅನ್ನುವ ಮೊದಲೇ ನಾನೇ ಕೇಳಿದೆ: "ಮಮತಳ ಸರದಿ ತೆಗೀಬೇಡಿ. ನಾನು ಓದ್ತೀನಿ. ಹತ್ತನೇದು ಯಾವಾಗ ಬರ್ತೈತೆ?"

"ಗೊತ್ತಿಲ್ಲ ಅಂಕಲ್" ಎಂದಳು ಆಶಾ. "ಇನ್ನೂ ಬರೀತಾ ಇದಾರಂತೆ."