ಧೀರುವಿನ ಅಂಗಿ

"ಒಂದೇ ಒಂದು ಮಾತು ಕೇಳಿ ನೋಡಿ ಡಾಕ್ಟ್ರಮ್ಮ. ನಿಮ್ಮ ಹತ್ತಿರ ಆದರೂ ಹೇಳಿಯಾನು."

ಜೈಲಿನ ಗೇಟಿನ ಹೊರಗೆ ಪುಷ್ಪಾವತಿ ಕ್ಯಾರೆನ್‌ಳ ಕೈ ಹಿಡಿದುಕೊಂಡಿದ್ದಳು. ಮೀನಿನ ಬುಟ್ಟಿ ಹೊತ್ತು ಗಟ್ಟಿಯಾದ ಕೈ, ಬಿಡುವ ಲಕ್ಷಣ ಇರಲಿಲ್ಲ. ಪ್ರತಿ ಗುರುವಾರ ವ್ಯಾಪಾರ ಬಿಟ್ಟು ಕಾಪುವಿನಿಂದ ಬರುತ್ತಾಳೆ, ಹೆಸರು ಬರೆಸಿ ಕಾಯುತ್ತಾಳೆ. ಒಳಗಿರುವ ಮಗ ಜಿತೇಂದ್ರ ಮಾತ್ರ ಒಮ್ಮೆಯೂ ಭೇಟಿಗೆ ಬಂದವನಲ್ಲ.

"ನಾನು ಡಾಕ್ಟರ್ ಅಲ್ಲ ಪುಷ್ಪಕ್ಕ, ಕೌನ್ಸೆಲರ್. ಎಂತ ಕೇಳಬೇಕಿತ್ತು?"

"ಸಣ್ಣವ ಧೀರು ಮುಳುಗಿದ್ದನ್ನು ಇವ ಕಣ್ಣಾರೆ ನೋಡಿದ್ದಾನಾ ಇಲ್ಲವಾ, ಅಷ್ಟೇ. ಊರಿನವರು ಬೊಜ್ಜ ಮಾಡು, ಬೊಜ್ಜ ಮಾಡು ಅಂತಾರೆ. ಹೆಣ ಸಿಗಲಿಲ್ಲ, ಜೊತೆಗಿದ್ದವ ಬಾಯಿ ಬಿಡುವುದಿಲ್ಲ. ಬದುಕಿರುವ ಮಗನಿಗೆ ಉತ್ತರಕ್ರಿಯೆ ಮಾಡ್ಲಿಕ್ಕೆ ಉಂಟಾ ಮಾರಾಯ್ರೆ? ಅವನ ಅಂಗಿಯೆಲ್ಲ ಇಸ್ತ್ರಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾರನ್ನೂ ಮುಟ್ಟಲು ಬಿಡುವುದಿಲ್ಲ. ಬಂದಾಗ ಹಾಕಿಕೊಳ್ಳಲು ಬೇಕಲ್ಲ."

"ಅದನ್ನು ನಾನಾಗಿ ಕೇಳುವ ಹಾಗಿಲ್ಲ ಪುಷ್ಪಕ್ಕ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ."

"ಕೇಳದೆ ಕೊಡುವ ಮದ್ದು ಎಂತದ್ದು ಅದು!" ಪುಷ್ಪಾವತಿ ಕೈ ಬಿಟ್ಟಳು.

ಅಣ್ಣತಮ್ಮಂದಿರ ದೋಣಿ ಅಳಿವೆಯ ಬಾಯಲ್ಲೇ ಮಗುಚಿತ್ತು. ಈಜಿ ದಡ ಸೇರಿದ್ದು ಜಿತೇಂದ್ರ ಒಬ್ಬನೇ. ಆಮೇಲೆ ಒಂದು ದಿನ ಬಾರಿನಲ್ಲಿ ಯಾರೋ, "ತಮ್ಮನನ್ನು ಕಡಲಿಗೆ ಕೊಟ್ಟು ಬಂದ ಗಂಡಸು ನೋಡಿ" ಎಂದ. ಜಿತೇಂದ್ರನ ಕೈಯಲ್ಲಿದ್ದ ಬಾಟಲಿ ಹಾಗೆಂದವನ ತಲೆಯ ಮೇಲೆ ಒಡೆಯಿತು. ಅವನ ಒಂದು ಕಣ್ಣು ಹೋಯಿತು. ಆ ಸಂಗತಿಯನ್ನು ಜಿತೇಂದ್ರ ಪೊಲೀಸರಿಗೆ, ವಕೀಲರಿಗೆ ಪಾಠ ಒಪ್ಪಿಸಿದಂತೆ ಹೇಳಿದ್ದ. ತಮ್ಮನ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ.

"ಮಣಿಪಾಲದಿಂದ ಬಂದು ಇವನ ಹತ್ತಿರ ಮಳೆ ಬಿಸಿಲಿನ ಕಥೆ ಮಾತಾಡಿ ಹೋಗ್ತೀರಿ ಮೇಡಂ," ವಾರ್ಡರ್ ಆಸ್ಟಿನ್ ಬೀಗ ತೆಗೆಯುತ್ತ ನಕ್ಕ. "ನಾನಾದರೆ ಎರಡು ಬಾರಿಸಿ ಬಾಯಿ ಬಿಡಿಸ್ತಿದ್ದೆ."

"ಅದಕ್ಕೇ ಅಲ್ವಾ ನಿಮ್ಮನ್ನು ಹೊರಗೆ ಕೂರಿಸುವುದು?"

ಜಿತೇಂದ್ರ ಬಂದು ನಿಂತ. ಕ್ಯಾರೆನ್ ಎಂದಿನಂತೆ ಕೇಳಿದಳು. "ಬಾಗಿಲು ಹೇಗಿರಲಿ? ಫ್ಯಾನು?"

ಮೊದಮೊದಲು ಇದರಲ್ಲಿ ಏನೋ ಮಸಲತ್ತು ಉಂಟೆಂದು ಅವನು ಉತ್ತರವನ್ನೇ ಕೊಡುತ್ತಿರಲಿಲ್ಲ. ಈಗ "ಬಾಗಿಲು ತೆರೆದಿರಲಿ. ಫ್ಯಾನು ಬೇಡ," ಎಂದ. ಆ ಹಳೆಯ ಫ್ಯಾನಿನ ಸದ್ದು ದೋಣಿಯ ಇಂಜಿನ್ನಿನ ಹಾಗೆ. ಇಬ್ಬರೂ ಬೆವರುತ್ತ ಕೂತರು.

"ನಿಮ್ಮಿಂದ ಮುಚ್ಚಿಡಬಾರದು ಅಂತ ಹೇಳ್ತೇನೆ. ಗೇಟಿನ ಹತ್ತಿರ ಅಮ್ಮ ಸಿಕ್ಕಿದ್ದರು. ನಿಮ್ಮನ್ನು ಒಂದು ವಿಷಯ ಕೇಳಲು ಹೇಳಿದರು. ಆಗುವುದಿಲ್ಲ ಅಂದೆ."

ಅವನು ನೆಲ ನೋಡುತ್ತಿದ್ದ. "ಮತ್ತೆಂತ ಹೇಳಿದರು?"

"ಧೀರುವಿನ ಅಂಗಿಗಳಿಗೆ ಇಸ್ತ್ರಿ ಹಾಕಿ ಇಟ್ಟಿದ್ದಾರಂತೆ."

ಜಿತೇಂದ್ರ ತನ್ನ ಬಲ ಅಂಗೈಯನ್ನು ಮಗುಚಿ ನೋಡಿದ. ಬೆರಳು ಮಡಚಿದ, ಬಿಡಿಸಿದ. ಹೊರಗೆ ಆಸ್ಟಿನ್ ಯಾರಿಗೋ ಬೈಯುತ್ತಿದ್ದುದು ಕೇಳುತ್ತಿತ್ತು.

"ನನಗೂ ಆಗ್ತದೆ ಅವನ ಅಂಗಿ," ಎಂದ ಕೊನೆಗೆ. "ಸ್ವಲ್ಪ ಬಿಗಿ. ಹಾಕಿದರೆ ಜಗಳಕ್ಕೇ ಬರುತ್ತಿದ್ದ, ಪೋಕರಿ." ಆಮೇಲೆ, "ಅಮ್ಮ ಹೋದರಾ?" ಎಂದು ಕೇಳಿದ.

ಹೋಗಿರಲಿಲ್ಲ.

ಜಾಲರಿಯ ಆಚೆ ಮಗನನ್ನು ಕಂಡ ಪುಷ್ಪಾವತಿಗೆ ಮೊದಲು ಬೈಗುಳವೇ ಬಂತು. "ಒಣಗಿದ ನಂಗು ಮೀನಿನ ಹಾಗೆ ಆಗಿದ್ದಿಯಲ್ಲ ಮಗ! ಊಟ ಹಾಕುವುದಿಲ್ಲವಾ ಇವರು?"

"ಹಾಕ್ತಾರೆ. ಅಮ್ಮ, ಬರುವ ವಾರ ಒಂದು ಅಂಗಿ ತಾ. ಧೀರುವಿನದ್ದು, ಆ ನೀಲಿ ಅಂಗಿ."

"ಅದು ಅವನಿಗೆ..."

"ಅವನಿಗೆ ಬೇಡ ಅಮ್ಮ." ಅವನು ಬಲಗೈಯನ್ನು ಜಾಲರಿಗೆ ಒತ್ತಿ ಹಿಡಿದಿದ್ದ. "ಅವನ ಕೈ ಹಿಡಿದೇ ಇದ್ದೆ. ತುಂಬಾ ಹೊತ್ತು ಹಿಡಿದೇ ಇದ್ದೆ."

ಪುಷ್ಪಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ತೆಗೆದಳು, ಮತ್ತೆ ಸಿಕ್ಕಿಸಿದಳು. "ಅದರ ಒಂದು ಗುಂಡಿ ಹೋಗಿದೆ," ಎಂದಳು. "ಹಾಕಿ ತರ್ತೇನೆ."

ಮುಂದಿನ ಗುರುವಾರ ಕ್ಯಾರೆನ್ ಬಂದಾಗ ಗೇಟಿನ ಮೇಜಿನ ಮೇಲೆ ಆ ಅಂಗಿ ಇತ್ತು. ಆಸ್ಟಿನ್ ನಿಯಮದಂತೆ ಕಿಸೆ ತಡಕಿದ, ಕಾಲರು ಹಿಸುಕಿದ, ತೋಳು ಒಳಹೊರಗು ಮಾಡಿದ. ನೀಲಿ ಗುಂಡಿಗಳ ನಡುವೆ ಒಂದು ಬಿಳಿಯದು. ಕೈದಿಗಳ ಬಟ್ಟೆಯನ್ನು ಮುದ್ದೆ ಮಾಡಿ ಒಳಗೆ ಎಸೆಯುವುದು ಅವನ ರೂಢಿ. ಇಂದು ಎದುರಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಕಡೆ ಒಮ್ಮೆ ನೋಡಿ, ಇಸ್ತ್ರಿಯ ಗೆರೆ ಹುಡುಕಿ, ಅದೇ ಗೆರೆಯ ಮೇಲೆ ಅಂಗಿಯನ್ನು ಮಡಚತೊಡಗಿದ.