ಗೆರೆ ಮೂಡದ ಹೆಬ್ಬೆಟ್ಟು

"ಚೀಲ ತಂದೀದಿ, ಹೆಬ್ಬಟ್ಟ ಎಲ್ಲಿ ಮರತು ಬಂದೀಬೇ?"

ಕಮಲಾಪುರದ ರೇಷನ್ ಅಂಗಡಿಯ ಅರುಣಕುಮಾರ ಅಂದ ಮಾತಿಗೆ ಸಾಲಿನಲ್ಲಿದ್ದವರು ನಕ್ಕರು. ರೇವಮ್ಮ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜಿ ಏಳನೆಯ ಸಲ ಯಂತ್ರದ ಮೇಲಿಟ್ಟಳು. ಮತ್ತೆ ಕೆಂಪು ದೀಪ. ಓಟಿಪಿ ಬರುವ ನಂಬರು ಸತ್ತ ಗಂಡನದು. ಆ ಸಿಮ್ಮೂ ಅವನ ಹಿಂದೆಯೇ ಹೋಗಿತ್ತು.

"ಈ ತಿಂಗಳ ಕಡೀಕ ಹೆಬ್ಬಟ್ಟ ಬರಲಿಲ್ಲಂದ್ರ ಕಾರ್ಡಿನಾಗ ಹೆಸರ ತಗೀತಾರ ನೋಡು. ಹದಿನೈದು ದಿನ ಆ ಶೆಡ್ಡಿನ ಕೆಲಸ ಬಿಡು, ತೊಗಲು ಬೆಳೀಲಿ."

ಬಿಡು ಅನ್ನುವುದಕ್ಕೆ ಇವನಪ್ಪನ ಗಂಟೇನು ಹೋಗುತ್ತದೆ? ಮನೆಯಲ್ಲಿ ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಈ ಅಕ್ಕಿ ನಿಂತರೆ ಒಲೆಯೇ ನಿಂತಂತೆ. ಖಾಲಿ ಚೀಲ ಕಂಕುಳಲ್ಲಿ ಅಮುಕಿಕೊಂಡು ರೇವಮ್ಮ ಕಲಬುರಗಿಯ ಬಸ್ಸು ಹತ್ತಿದಳು.

ಅವಳು ದುಡಿಯುವ ಕಪನೂರಿನ ಶೆಡ್ಡಿನಲ್ಲಿ ಫೈಬರಿನ ನೀರಿನ ಟಾಕಿ ಮಾಡುತ್ತಾರೆ. ಅಚ್ಚಿಗೆ ಬಳಿಯುವ ಅಂಟು ಕೈಗೆ ಹತ್ತಿದರೆ ಸಾಬೂನಿಗೆ ಜಗ್ಗುವುದಿಲ್ಲ, ಬಿಟ್ಟರೆ ಕಲ್ಲಾಗುತ್ತದೆ. ಅದಕ್ಕೇ ಬಾಗಿಲಲ್ಲಿ ಒಂದು ಬಕೇಟು ಅಸಿಟೋನ್. ಬ್ರಷ್ಷು ತೊಳೆಯುವುದು ಅದರಲ್ಲೇ, ಬುತ್ತಿ ಬಿಚ್ಚುವ ಮೊದಲು ಕೈ ಅದ್ದುವುದೂ ಅದರಲ್ಲೇ. ಅದ್ದಿದರೆ ತಣ್ಣಗೆ ಹಿತವಾಗುತ್ತದೆ, ಒರೆಸುವಷ್ಟರಲ್ಲಿ ಹಾರಿಹೋಗುತ್ತದೆ. ಹೋಗುವಾಗ ತೊಗಲಿನ ಜಿಡ್ಡನ್ನೂ ಹೊತ್ತೊಯ್ಯುತ್ತದೆ. ಉಳಿದದ್ದನ್ನು ಅಂಟಿನ ಜೊತೆ ಹಾಸುವ ಗಾಜಿನ ನೂಲು ತಿಕ್ಕಿ ತೆಗೆಯುತ್ತದೆ. ಆರು ವರ್ಷದಲ್ಲಿ ರೇವಮ್ಮನ ಬೆರಳ ತುದಿಗಳು ಬೋಳಾಗಿದ್ದವು. ರೊಟ್ಟಿಯ ಜೊತೆಗಿನ ಖಾರ ಬಿರುಕಿಗಿಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

"ಸಾವ್ಕಾರ್ರ, ಒಂದು ಜೋಡಿ ಗ್ಲೌಸ್ ಕೊಡ್ರಿ. ಹೆಬ್ಬಟ್ಟಿನ ಗೆರಿ ಹೋಗ್ಯಾವ, ಅಕ್ಕಿ ಕೊಡವಲ್ರು."

ಮಾಲೀಕ ಕಲ್ಯಾಣಪ್ಪ ತಲೆ ಎತ್ತಲಿಲ್ಲ. "ನಮ್ಮ ಮಗಳು ಐಶ್ವರ್ಯಾ ಉಗರಿನ ಬಣ್ಣ ಇದರಾಗೇ ಒರಸ್ತಾಳ. ಅಕೀಗೇನಾಗ್ಯಾದ? ನಿಂದೇನು ಬಂಗಾರದ ಕೈಯೇನಬೇ?"

ಅವಳದು ಒಂದು ಹತ್ತಿಯ ಉಂಡೆ, ನಂದು ದಿನಾ ಒಂದು ಬಕೇಟು. ಹಾಗೆಂದುಕೊಳ್ಳುತ್ತ ರೇವಮ್ಮ ಬ್ರಷ್ಷು ಎತ್ತಿಕೊಂಡಳು.

ಶುಕ್ರವಾರ ಗ್ಲೌಸುಗಳು ತಾವಾಗಿಯೇ ಬಂದವು. ಕಾರ್ಮಿಕರ ಸುರಕ್ಷತೆ ನೋಡಲು ಸರಕಾರದ ಸಾಹೇಬರು ಬರುವವರಿದ್ದರು. ಮೇಜಿನ ಮೇಲೆ ಥರ್ಮಕೋಲಿನಲ್ಲಿ ಕತ್ತರಿಸಿದ ದೊಡ್ಡ ಅಕ್ಷರಗಳು: 'ಕಾರ್ಮಿಕರ ಕೈಯೇ ನಮ್ಮ ಆಸ್ತಿ'. ಒಂಬತ್ತು ಹೆಂಗಸರು ಗ್ಲೌಸು ತೊಟ್ಟು ಅದರ ಹಿಂದೆ ನಿಂತರು, ಸಾಹೇಬರು ಬಂದರು, ಫೋಟೋ ಆಯಿತು. ಆಮೇಲೆ ಕಲ್ಯಾಣಪ್ಪ ಮದುವೆಮನೆಯ ಬಾಡಿಗೆ ಪಾತ್ರೆ ವಾಪಸು ಪಡೆಯುವಂತೆ ಒಂದೊಂದನ್ನೇ ಬಿಚ್ಚಿಸಿಕೊಂಡ. ಸಾಹೇಬರು ಎಲ್ಲ ಕಂಡು ಮೊಬೈಲಿಗೆ ಕಣ್ಣು ಹಾಕಿದರು.

"ಗ್ಲೌಸ್ ಮುಟ್ಯಾವಂತ ಎಲ್ಲಾರೂ ರಜಿಸ್ಟರಿನಾಗ ಹೆಬ್ಬಟ್ಟ ಒತ್ರಿ" ಅಂದ ಕಲ್ಯಾಣಪ್ಪ.

ರೇವಮ್ಮ ಒತ್ತಿದಳು. ಕಾಗದದ ಮೇಲೆ ನೀಲಿ ಮಚ್ಚೆ ಮಾತ್ರ ಬಿತ್ತು.

"ಸರಿಯಾಗಿ ಒತ್ತಮ್ಮಾ, ಗೆರೇನೇ ಮೂಡಿಲ್ಲ" ಅಂದರು ಸಾಹೇಬರು.

"ಬೋಸಡಿ, ಹೆಬ್ಬಟ್ಟ ಒತ್ತಲಿಕ್ಕೂ ಕಲಸಬೇಕೇನು ನಿನಗ?" ಕಲ್ಯಾಣಪ್ಪ ಅವಳ ಮಣಿಕಟ್ಟು ಹಿಡಿದು ಪುಟಕ್ಕೆ ಅದುಮಿದ. ಮತ್ತೆ ಮಚ್ಚೆಯೇ ಬಿತ್ತು.

ರೇವಮ್ಮ ಕೈ ಕಿತ್ತುಕೊಂಡಳು. ಬಾಗಿಲಿಗೆ ಹೋಗಿ ಬಕೇಟಿನಿಂದ ಒಂದು ಮಗ್ಗು ಅಸಿಟೋನ್ ತುಂಬಿ ತಂದು ಅಕ್ಷರಗಳ ನೆತ್ತಿಯ ಮೇಲೆ ಸುರಿದಳು. ಸಣ್ಣಗೆ ಚುಂಯ್ ಎಂದು 'ಕಾರ್ಮಿಕರ' ಕುಸಿಯಿತು, ಹಿಂದೆಯೇ 'ಕೈ' ಕರಗಿತು.

"ರಂಡೆ, ಏನ ಮಾಡಿದಿ ನೀ?"

ಅವಳು ಅವನ ಕಡೆ ತಿರುಗಲೂ ಇಲ್ಲ. ಅಂಟಾದ ಬಿಳಿ ಮುದ್ದೆಗೆ ಹೆಬ್ಬೆಟ್ಟು ಒತ್ತಿ ತೆಗೆದಳು. "ನೋಡ್ರಿ ಸಾಹೇಬ್ರ. ಗೆರಿ ಕಂಡ್ರ ಬರಕೋರಿ, ನಾ ಅಕ್ಕೀನೂ ಕೇಳಂಗಿಲ್ಲ."

ಸಾಹೇಬರ ಕುರ್ಚಿ ಹಿಂದೆ ಸರಿಯಿತು. ಪಕ್ಕದಲ್ಲಿದ್ದ ಜೊತೆಗೆಲಸದ ಮುಬಶ್ಶಿರಾ ಮುಂದೆ ಬಂದು ತನ್ನ ಹೆಬ್ಬೆಟ್ಟನ್ನೂ ಅದರಲ್ಲಿ ಊರಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಮುದ್ದೆ ಗಟ್ಟಿಯಾಗುವಷ್ಟರಲ್ಲಿ ಅದರಲ್ಲಿ ಒಂಬತ್ತು ಗುಳಿ ಬಿದ್ದಿದ್ದವು. ಒಂದರಲ್ಲೂ ಗೆರೆ ಇರಲಿಲ್ಲ.