ತಾಂಡೇಲನ ಹೊಟ್ಟೆ

ಹೊನ್ನಾವರದ ಬಳಿಯ ಕಾಸರಕೋಡದ ಜಗದೀಶನ ಹೊಟ್ಟೆ ಊರಿಗೆಲ್ಲ ಗೊತ್ತಿತ್ತು. ಅದರೊಳಗಿನ ಉರಿ ಗೊತ್ತಿದ್ದದ್ದು ಅವನ ಹೆಂಡತಿ ನಾಗಿಯೊಬ್ಬಳಿಗೆ. ಹೊಟ್ಟೆಯೇನು ಮುಚ್ಚಿಡುವ ವಸ್ತುವೇ? ಮೀನಿನ ಬೋಟು ನಿಲ್ಲುವ ಧಕ್ಕೆಯ ಮೇಲೆ ಮೊದಲು ಅದು ಬರುತ್ತಿತ್ತು, ಅದರ ಹಿಂದೆ ಜಗದೀಶ ಬರುತ್ತಿದ್ದ. ತೂಕದ ಯಂತ್ರದ ಮೇಲೆ ನಿಂತರೆ ಮುಳ್ಳು ನೂರ ನಲವತ್ತರ ಆಚೆ ಹೋಗಿ ನಡುಗುತ್ತಿತ್ತು. ಮಂಡಿ ಎರಡೂ ಕೈಕೊಟ್ಟಿದ್ದವು.

ಅವನು ತಾಂಡೇಲ. ಅಂದರೆ ಬೋಟಿನಲ್ಲಿ ಅವನ ಮಾತೇ ಮಾತು. ಯಾವ ದಿಕ್ಕಿಗೆ ಹೋಗಬೇಕು, ಯಾವಾಗ ಬಲೆ ಬಿಡಬೇಕು, ಎಲ್ಲ ಅವನೇ ಹೇಳಬೇಕು. ದೂರದ ನೀರು ಒಂಚೂರು ಕಪ್ಪಾದರೆ ಸಾಕು, ಅದು ಮೋಡದ ನೆರಳೋ ಬಂಗಡೆಯ ಹಿಂಡೋ ಎಂದು ಅವನ ಕಣ್ಣಿಗೆ ತಿಳಿಯುತ್ತಿತ್ತು. ಆ ಬೋಟಿನಲ್ಲಿ ಇನ್ನೊಂದು ಪದ್ಧತಿಯಿತ್ತು. ತಾಂಡೇಲ ಮೊದಲ ತುತ್ತು ಉಣ್ಣದೆ ಯಾರೂ ಅನ್ನಕ್ಕೆ ಕೈ ಹಾಕುವಂತಿಲ್ಲ. ಅವನು ಹೊಟ್ಟೆ ಬಿರಿಯೆ ಉಂಡರೆ ಬಲೆಯೂ ಬಿರಿಯುವಷ್ಟು ತುಂಬುತ್ತದೆ ಎಂಬ ನಂಬಿಕೆ. ಹೀಗೆ ಇಡೀ ಬೋಟಿನ ಪರವಾಗಿ ವರ್ಷಗಟ್ಟಲೆ ಖಾರದ ಸಾರು ಸುರಿದುಕೊಂಡು ಉಂಡವನ ಹೊಟ್ಟೆ ಮತ್ತೆ ಹೇಗಿರಬೇಕಿತ್ತು?

ಆದರೆ ಉಂಡದ್ದನ್ನು ಕಾರುವಂತಿರಲಿಲ್ಲ. ಸಮುದ್ರದ ಮೇಲೆ ಕಾರುವುದು ಮೊದಲ ಸಲ ಬೋಟು ಹತ್ತಿದವರ ಪಾಡು, ಅದಕ್ಕೆ ಎಲ್ಲರೂ ನಗುತ್ತಾರೆ, ಮುಗಿಯಿತು. ತಾಂಡೇಲನೇ ಕಾರಿದರೆ ಮಾತ್ರ ಯಾರೂ ನಗುವುದಿಲ್ಲ. ಸಮುದ್ರಕ್ಕೆ ಇವನು ಬೇಡವಾಗಿದ್ದಾನೆ ಎಂದುಕೊಳ್ಳುತ್ತಾರೆ. ಅಂಥವನನ್ನು ನಂಬಿ ಯಾರೂ ಬಲೆ ಎತ್ತುವುದಿಲ್ಲ.

ಜಗದೀಶನಿಗೆ ಬಗ್ಗಿದರೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಅಡ್ಡಾದರಂತೂ ಮುಗಿದೇ ಹೋಯಿತು, ಎದೆಯೊಳಗೆ ಮೆಣಸು ಅರೆದು ಹಚ್ಚಿದ ಹಾಗೆ. ಚಳಿಗಾಲದಲ್ಲಿ ಒಮ್ಮೆ ನಿದ್ದೆಯಲ್ಲೇ ಆ ನೀರು ಶ್ವಾಸನಾಳಕ್ಕೆ ಹೋಗಿ ಉಸಿರು ಸಿಕ್ಕಿಕೊಂಡಿತು. ನಾಗಿ ಬೆನ್ನು ಗುದ್ದಿದಳು, ಹೆಸರು ಹಿಡಿದು ಕಿರುಚಿದಳು. ಮುಖ ನೀಲಿಗಟ್ಟಿದ ಮೇಲೆ ಹೇಗೋ ಉಸಿರು ಬಂತು. ಬಂದ ಉಸಿರಿನಲ್ಲಿ ಅವನು ಆಡಿದ ಮೊದಲ ಮಾತು, "ಯಾರ ಹತ್ರನೂ ಹೇಳ್ಬೇಡ" ಎಂಬುದು. ಆ ಮಾತಿಗೆ ನಾಗಿ ಆವತ್ತು ತಲೆಯಾಡಿಸಿದ್ದಳು.

ಅಂದಿನಿಂದ ಅವಳ ಬಸ್ ಪ್ರಯಾಣ ಶುರುವಾಯಿತು. ಹೊನ್ನಾವರದ ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿದರೆ ಸಂಜೆಯೊಳಗೆ ಸುದ್ದಿ ಧಕ್ಕೆ ಮುಟ್ಟುತ್ತದೆ. ಹಾಗಾಗಿ ಒಣಮೀನು ಮಾರುವ ನೆಪದಲ್ಲಿ ಭಟ್ಕಳಕ್ಕೆ ಹೋಗಿ, ಯಾರ ಗುರುತೂ ಇಲ್ಲದ ಅಂಗಡಿಯಿಂದ ಆ್ಯಸಿಡಿಟಿ ಮಾತ್ರೆ ತರುತ್ತಿದ್ದಳು. ಬುಟ್ಟಿಯಲ್ಲಿ ಮೀನಿನ ಕೆಳಗೆ ಮಾತ್ರೆ. ಜಗದೀಶ ಅದನ್ನು ನುಂಗಿ, ಮೀಸೆ ತಿರುವಿಕೊಂಡು ಬೋಟು ಹತ್ತುತ್ತಿದ್ದ.

ಎರಡು ಸಾವಿರದ ಒಂಬತ್ತರ ಬೇಸಿಗೆ ಮುಗಿಯುವ ಹೊತ್ತಿಗೆ ಆ ಹತ್ತುವುದೂ ಆಗದಾಯಿತು. ಚಿಕ್ಕ ದೋಣಿಯಿಂದ ಬೋಟಿಗೆ ಅವನನ್ನು ನಾಲ್ಕು ಜನ ಎಳೆದುಕೊಳ್ಳಬೇಕು. ಮೊದಮೊದಲು ಎಳೆದವರು ನಗುತ್ತಿದ್ದರು, ಆಮೇಲೆ ನಗುವುದನ್ನು ಬಿಟ್ಟರು. ಆಗ ಜಗದೀಶನಿಗೆ ಭಯ ಹತ್ತಿತು. ಕುಮಟೆಯ ನರ್ಸಿಂಗ್ ಹೋಮಿಗೆ ತಿಂಗಳಿಗೊಮ್ಮೆ ಮಂಗಳೂರಿನಿಂದ ಬರುವ ಸರ್ಜನ್ ಒಬ್ಬರು ತೂಕ ಇಳಿಸುವ ಆಪರೇಷನ್ ಮಾಡುತ್ತಾರೆಂದು ಯಾರೋ ಹೇಳಿದರು. ಮಳೆಗಾಲಕ್ಕೆ ಹೇಗೂ ಮೀನುಗಾರಿಕೆ ಬಂದ್. ಆ ಬಿಡುವಿನಲ್ಲೇ ಕೊಯ್ಸಿಕೊಂಡು ಆಗಸ್ಟಿಗೆ ಮತ್ತೆ ಬೋಟಿನ ಮೂತಿಯಲ್ಲಿ ನಿಲ್ಲಬೇಕೆಂದು ಅವನು ಹಟ ಹಿಡಿದ. ಮಂಗಳೂರಿಗೆ ಹೋಗಿ, ಬಾಯಿಂದ ಕ್ಯಾಮೆರಾ ಇಳಿಸುವ ಪರೀಕ್ಷೆಯನ್ನೂ ಮಾಡಿಸಿಕೊಂಡು ಬಂದ.

ಆಪರೇಷನ್ ಯಾವುದೆಂದು ತೀರ್ಮಾನವಾಗುವ ದಿನ ಕುಮಟೆಗೆ ಹೋದದ್ದು ಮೂವರು. ಗಂಡ, ಹೆಂಡತಿ, ಜೊತೆಗೆ ಈರ. ಬೋಟಿನಲ್ಲಿ ತಾಂಡೇಲನ ನಂತರದ ಹಿರಿಯ ಅವನು. ಜಗದೀಶನಿಗೆ ನೀರು ಓದುವುದನ್ನು ಕಲಿಸಿದ್ದೂ ಅವನೇ. ತಾಂಡೇಲನ ಮೈ ಅಂದರೆ ಬೋಟಿನ ಮಂದಿಗೆಲ್ಲ ಸೇರಿದ್ದು, ಡಾಕ್ಟರು ಏನು ಹೇಳುತ್ತಾರೆಂದು ಅವರ ಪರವಾಗಿ ಒಬ್ಬರು ಕೇಳಿಸಿಕೊಳ್ಳಲೇಬೇಕು. ಒಳಗೆ ಇಬ್ಬರೇ ಬನ್ನಿ ಎಂದ ನರ್ಸಮ್ಮನ ಮಾತು ಈರನ ಕಿವಿಗೆ ಬೀಳಲೇ ಇಲ್ಲ. ಅವನು ಹೋಗಿ ಜಗದೀಶನ ಮಗ್ಗುಲಿನ ಕುರ್ಚಿಯಲ್ಲಿ ಕುಳಿತ. ನಾಗಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕುಳಿತಳು.

"ಡಾಕ್ಟ್ರೇ, ಆಗಸ್ಟಿಗೆ ಬೋಟು ಹೊರಡ್ತದೆ. ಅಷ್ಟ್ರೊಳ್ಗೆ ನಮ್ಮ ತಾಂಡೇಲನ್ನ ನಮ್ಗೆ ವಾಪಸ್ ಕೊಡ್ಬೇಕು" ಎಂದ ಈರ.

ಡಾಕ್ಟರು ನಕ್ಕರು. "ಕೊಡುವ. ಮೊದಲು ಯಾವ ಆಪರೇಷನ್ ಅಂತ ನೋಡುವ. ಎರಡು ಥರ ಉಂಟು. ಒಂದು ಸ್ಲೀವ್. ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು ಸಪೂರ ಕೊಳವೆಯಷ್ಟು ಉಳಿಸ್ತೇವೆ. ಬೇಗ ಮುಗೀತದೆ, ಕರುಳಿಗೆ ಕೈ ಹಾಕುವುದಿಲ್ಲ. ಇನ್ನೊಂದು ಬೈಪಾಸ್. ಜಠರದ ತುದಿಯಲ್ಲಿ ಸಣ್ಣ ಚೀಲ ಮಾಡಿ ಕೆಳಗಿನ ಕರುಳಿಗೆ ನೇರ ಜೋಡಿಸುವುದು. ಅದು ದೊಡ್ಡ ಕೆಲಸ. ಸಾಯುವವರೆಗೆ ವಿಟಮಿನ್ ಮಾತ್ರೆ ತಿನ್ನಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು."

"ಮೊದ್ಲಿಂದೇ ಆತು" ಎಂದ ಜಗದೀಶ.

"ನಿಲ್ಲಿ. ಎದೆ ಉರಿ, ಹುಳಿತೇಗು, ಮಲಗಿದಾಗ ಬಾಯಿಗೆ ಹುಳಿನೀರು ಬರುವುದು, ಇದೆಲ್ಲ ಉಂಟಾ? ಇದ್ದರೆ ಸ್ಲೀವ್ ನಿಮಗಲ್ಲ. ಆ ಸಪೂರ ಕೊಳವೆಯೊಳಗೆ ಒತ್ತಡ ಹೆಚ್ಚಾಗಿ ಹುಳಿ ಇನ್ನೂ ಮೇಲೆ ನುಗ್ಗುವ ಸಾಧ್ಯತೆ ಜಾಸ್ತಿ. ಬೈಪಾಸಿನಲ್ಲಿ ಹುಳಿಗೆ ಮೇಲೆ ಬರುವ ದಾರಿಯೇ ತಪ್ಪಿ ಹೋಗ್ತದೆ." ಅವರು ಕ್ಯಾಮೆರಾದ ರಿಪೋರ್ಟು ತಿರುವಿ ನೋಡಿದರು. "ಇದರಲ್ಲೇನೋ ಎಲ್ಲ ಚೊಕ್ಕ ಇದೆ. ಆದರೂ ನಿಮ್ಮ ಬಾಯಿಂದ ಕೇಳಬೇಕು."

ಈರ ತಾಂಡೇಲನ ಕಡೆ ತಿರುಗಿದ. ನಾಗಿಗೆ ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಅಂಗಿ ಬೆವರಿಗೆ ಅಂಟಿತ್ತು.

"ಇಲ್ಲ" ಎಂದ ಜಗದೀಶ. "ಎಂತದೂ ಇಲ್ಲ."

"ಗ್ಯಾರಂಟಿಯಾ?"

"ಕಲ್ಲು ತಿಂದ್ರೂ ಕರಗ್ತದೆ ಡಾಕ್ಟ್ರೇ."

ಈರ ಸಮಾಧಾನದಿಂದ ನಕ್ಕ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ರಿಪೋರ್ಟು ಚೊಕ್ಕ ಬಂದದ್ದು ಯಾಕೆಂದು ನಾಗಿಗೆ ಗೊತ್ತಿರಲಿಲ್ಲ, ಆದರೆ ಭಟ್ಕಳದ ಮಾತ್ರೆಯದೇ ಕೈವಾಡ ಇರಬೇಕೆಂದು ಒಳಗೊಳಗೇ ಅನುಮಾನವಿತ್ತು. ಇಷ್ಟು ದೊಡ್ಡ ಹೊಟ್ಟೆಯಲ್ಲೇ ನಿಲ್ಲದ ನೀರು ಕೊಳವೆಯಷ್ಟು ಜಾಗದಲ್ಲಿ ನಿಲ್ಲುತ್ತದೆಯೇ? ಅದೊಂದು ದಿನ ಮತ್ತೆ ಉಸಿರಿಗೆ ಹೋಗುತ್ತದೆ, ಆವತ್ತು ತಾನು ಗುದ್ದಿದರೂ ಇವನು ಏಳುವುದಿಲ್ಲ. ಬಾಯಿ ಬಿಟ್ಟರೆ ತಾಂಡೇಲ ಹೋಗುತ್ತಾನೆ, ಬಿಡದಿದ್ದರೆ ಗಂಡ ಹೋಗುತ್ತಾನೆ. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು, ಆ ಮೀಸೆಯ ಮೇಲೂ ಸಿಟ್ಟು ಬಂತು.

"ಸುಳ್ಳು ಹೇಳ್ತಾರೆ" ಎಂದಳು.

ಮೂವರೂ ತಿರುಗಿದರು.

"ದಿನಾ ಬರ್ತದೆ ಡಾಕ್ಟ್ರೇ. ಮಲ್ಗೂಕೇ ಆಗೂದಿಲ್ಲ, ಗೋಡೆಗೆ ಒರ್ಗಿ ಕೂತೇ ನಿದ್ದೆ. ಒಂದ್ಸಲ ಉಸ್ರು ಕಟ್ಟಿ ಸತ್ತೇ ಹೋಗಿದ್ರು. ಭಟ್ಕಳದಿಂದ ಮಾತ್ರೆ ತಂದು ಕೊಡೂದು ನಾನೇ."

"ನಾಗಿ!" ಜಗದೀಶ ಕುರ್ಚಿ ನೂಕಿ ಏಳಲು ನೋಡಿದ, ಮಂಡಿ ಬಿಡಲಿಲ್ಲ. "ಅವ್ಳಿಗೆ ಎಂತ ಗೊತ್ತು? ಪಿತ್ತ ಅದು, ಎಲ್ರಿಗೂ ಬರೂದೇ."

"ಪರೀಕ್ಷೆ ಮಾಡಿಸುವಾಗಲೂ ಮಾತ್ರೆ ತಿನ್ನುತ್ತಿದ್ದರಾ?" ಎಂದು ಡಾಕ್ಟರು ನಾಗಿಯನ್ನೇ ಕೇಳಿದರು. ಅವಳು ಹೌದೆಂದಳು. ಅವರು ರಿಪೋರ್ಟನ್ನು ಮಡಚಿ ಬದಿಗಿಟ್ಟರು. "ಹಾಗಾದರೆ ಹುಳಿ ಸುಟ್ಟ ಗಾಯ ಮಾತ್ರೆಯ ಕೆಳಗೆ ಅಡಗಿ ಕೂತಿತ್ತು. ಇದನ್ನು ನಂಬಿ ನಾನು ಸ್ಲೀವ್ ಮಾಡುವವನಿದ್ದೆ."

ಈರ ಇದಾವುದನ್ನೂ ಕೇಳುತ್ತಿರಲಿಲ್ಲ. ಅವನು ಜಗದೀಶನ ಮುಖವನ್ನೇ ನೋಡುತ್ತಿದ್ದ. "ಬೋಟಿನ ಮೇಲೂ ಕಾರಿದ್ಯನಾ?" ಎಂದು ಮೆಲ್ಲಗೆ ಕೇಳಿದ.

ಅದು ನಾಗಿಗೂ ಗೊತ್ತಿರದ ಸಂಗತಿ. ಇಲ್ಲವೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಾಕ್ಷಿಗೆ ಸಮುದ್ರ ಬರುತ್ತಿರಲಿಲ್ಲ. ಡಾಕ್ಟರಿಗೆ ಹೇಳಿದ ಸುಳ್ಳನ್ನು ತನಗೆ ನೀರು ಕಲಿಸಿದವನಿಗೆ ಹೇಳಲು ಜಗದೀಶನಿಂದ ಆಗಲಿಲ್ಲ.

"ಹೌದು" ಎಂದ. "ಹಿಂದಿನ ಬದಿಗೆ ಹೋಗಿ. ಸುಮಾರು ಸಲ."

ಈರ ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡು ಎದ್ದ. "ಆತು" ಎಂದ. ಬೈಯಲಿಲ್ಲ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ಬೈದಿದ್ದರೆ ಒಳ್ಳೆಯದಿತ್ತು ಎಂದು ನಾಗಿಗೆ ಅನ್ನಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಜಗದೀಶ ಒಂದೇ ಮಾತಾಡಿದ. "ನನ್ನ ಬೋಟು ನೀನೇ ಮುಳುಗ್ಸಿದೆ." ನಾಗಿ ಕಿಟಕಿಯ ಕಡೆ ತಿರುಗಿ ಅತ್ತಳು.

ಬೈಪಾಸೇ ಆಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಅವಳು ಚಮಚದಲ್ಲಿ ಗಂಜಿನೀರು ಕುಡಿಸಿದಳು, ಅವನು ಗೋಡೆ ನೋಡುತ್ತ ಕುಡಿದ. ಆಗಸ್ಟಿನಲ್ಲಿ ಬೋಟಿನವರು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಹೊರಟಾಗ ಮೂತಿಯಲ್ಲಿ ಈರ ನಿಂತಿದ್ದ. ಜಗದೀಶ ಆವತ್ತು ಮನೆಯಿಂದ ಹೊರಗೇ ಬರಲಿಲ್ಲ. ತೂಕ ಇಳಿಯುತ್ತ ಹೋಯಿತು, ಅಂಗಿಗಳು ಜೋತುಬಿದ್ದವು, ಎದೆಯ ಉರಿ ಎಲ್ಲಿ ಹೋಯಿತೋ ಹೋಯಿತು. ಮಾತು ಮಾತ್ರ ಮರಳಲಿಲ್ಲ. ಮಾತ್ರೆ ಕೊಡು, ಬಾಗಿಲು ಹಾಕು, ಅಷ್ಟೇ. ಒಂದೇ ಸೂರಿನಡಿ ಹಾಗೆ ಬದುಕುವುದು ಎಷ್ಟು ಕಷ್ಟವೆಂದು ನಾಗಿ ಯಾರಿಗೂ ಹೇಳಿಕೊಳ್ಳಲಿಲ್ಲ.

ಮಾರ್ಚಿನಲ್ಲಿ ಒಂದು ದಿನ ಅವನಾಗಿಯೇ ಈರನ ಮನೆಗೆ ಹೋದ. ಬಲೆ ಎಳೆಯುವವರಲ್ಲಿ ಒಬ್ಬನಾಗಿ ಬರುತ್ತೇನೆ, ಜಾಗ ಕೊಡು ಎಂದು ಕೇಳಿದನಂತೆ. ತಾನು ಹುಕುಂ ಮಾಡುತ್ತಿದ್ದವರ ಸಾಲಿನಲ್ಲೇ ನಿಂತು ಹಗ್ಗ ಹಿಡಿಯಲು. ಈರ ನಾಳೆ ಬಾ ಎಂದನಂತೆ.

ಮರುದಿನ ಬೋಟು ಬಂದು ಧಕ್ಕೆಗೆ ನಿಂತಾಗ ನಾಗಿ ಮೀನಿನ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಜಗದೀಶ ಯಾರ ಕೈಯನ್ನೂ ಹಿಡಿಯದೆ ಇಳಿದ. ಅಂಗೈ ಸುಲಿದಿತ್ತು. ಅವಳ ಬುಟ್ಟಿಗೆ ಮೀನು ಸುರಿದು, ಹೋಗದೆ ಅಲ್ಲೇ ನಿಂತ.

"ನೀ ಆವತ್ತು ಬಾಯಿ ಬಿಡದೇ ಇದ್ದಿದ್ರೆ," ಎಂದ, "ನಾ ಇವತ್ತೂ ತಾಂಡೇಲನೇ."

ತಪ್ಪಾಯಿತು ಎಂದು ನಾಗಿ ಅಂದರೆ ಇವತ್ತಿಗೆ ಎಲ್ಲ ಸರಿಯಾಗಬಹುದಿತ್ತು. ಆದರೆ ತಪ್ಪಾಗಿರಲಿಲ್ಲ.

"ಹೌದು" ಎಂದಳು. "ಮತ್ತೆ ಕೇಳಿದ್ರೂ ಅದ್ನೇ ಹೇಳ್ತೆ."

ಜಗದೀಶ ಬಗ್ಗಿ ಬುಟ್ಟಿಯ ಒಂದು ಬದಿ ಹಿಡಿದ. "ನಡಿ," ಎಂದ, "ಹಸಿವಾತು."